ನೂರು ದಿನದ ಅವ್ವ

ಕೊಪ್ಪಳ ಸೀಮೆಯ ಒಂದು ‘ಕೂಸಿನ ಮನೆ’ಗೆ, ಅಂದರೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ, ನಾನು ಹೋದದ್ದೇ ಒಬ್ಬ ಹೆಂಗಸನ್ನು ನೋಡಲು. ಎಂಥ ಹಟಮಾರಿ ಮಗುವಿಗೂ ಆಕೆ ಉಣಿಸುತ್ತಾರೆಂದು ಊರವರು ಹೇಳಿದ್ದರು. ಹಳೆಯ ಶಾಲೆಯ ಒಂದು ಕೋಣೆ, ಗೋಡೆಗೆ ಹೊಸದಾಗಿ ಬರೆದ ಆನೆ, ನವಿಲು, ಜಂತಿಗೆ ಸೀರೆಯ ಜೋಲಿ. ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಆಕೆ ಒಂದು ಮಗುವನ್ನು ತೂಗುತ್ತ, ಮಡಿಲಲ್ಲಿದ್ದ ಇನ್ನೊಂದಕ್ಕೆ ಹೆಸರುಬೇಳೆ ಅನ್ನ ನುರಿದು ಉಣಿಸುತ್ತಿದ್ದರು. ಕಾಗೆ ತೋರಿಸುವುದು, ಮಗು ಬಾಯಿ ಬಿಟ್ಟ ಕೂಡಲೇ ತುತ್ತು ಒಳಗೆ. "ಟ್ರೇನಿಂಗಿನಾಗ ಚಮಚ ಅಂದಾರ್ರೀ. ಚಮಚ ಕಂಡ್ರ ಈಕಿ ಬಾಯಿ ಮುಚ್ಚತಾಳ" ಎಂದು ನಕ್ಕರು.

ಆಕೆಯ ಮಕ್ಕಳಿಗೆ ಇಂಥ ಕೋಣೆ ಇರಲಿಲ್ಲ. "ಹೊಲದಾಗ ಬೇವಿನ ಗಿಡಕ್ಕ ಸೀರಿ ಕಟ್ಟಿ ಮಲಗಸ್ತಿದ್ವಿ. ಇರಿವಿ ಕಡದು ಅತ್ತರೂ ಆ ಕಡಿ ಸಾಲಿಗೆ ಕೇಳತಿದ್ದಿಲ್ಲ."

2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಣೆಯಾದ ಯೋಜನೆ ಈ ‘ಕೂಸಿನ ಮನೆ’. ಗ್ರಾಮೀಣ ಉದ್ಯೋಗ ಖಾತ್ರಿಯ ನರೇಗಾ ಕಾಯ್ದೆಯಲ್ಲೂ ಕೆಲಸದ ಜಾಗದಲ್ಲಿ ಐದು ಚಿಕ್ಕ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ಬಿಡಬೇಕೆಂದಿತ್ತು, ಬಹಳ ಕಡೆ ಕಾಗದದಲ್ಲೇ ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ 1969ರ ದೆಹಲಿ. ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಲ್ಲಿ ಕೂಲಿಗಳ ಮಕ್ಕಳು ದೂಳಿನಲ್ಲಿ ಬಿದ್ದಿದ್ದನ್ನು ಕಂಡು ಮೀರಾ ಮಹಾದೇವನ್ ಡೇರೆಯೊಂದರಲ್ಲಿ ಶುರುಮಾಡಿದ ಶಿಶುಪಾಲನೆಯ ‘ಮೊಬೈಲ್ ಕ್ರೆಷ್’ ಈ ದಾರಿಯಲ್ಲಿ ಮೊದಲಿನವುಗಳಲ್ಲೊಂದು.

ಕೂಸಿನ ಮನೆಯ ಕೋಣೆ, ಆಟಿಕೆ, ಬಣ್ಣ ಎಲ್ಲವನ್ನೂ ಯೋಚಿಸಿದವರು ಒಂದನ್ನು ಮಾತ್ರ ಬಿಟ್ಟಿದ್ದಾರೆ ಅನ್ನಿಸಿತು. ನಾನು ಹೋದಾಗ ಆರೈಕೆದಾರರಿಗೆ ಕೊಡುತ್ತಿದ್ದುದು ನರೇಗಾ ಕೂಲಿ. ಅದರ ಲೆಕ್ಕ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಆಗಿತ್ತು. ಅದಕ್ಕೇ ಹಲವರಿಗೆ ತರಬೇತಿ ಕೊಟ್ಟು ಪಾಳಿಯ ಮೇಲೆ ಕರೆಯುತ್ತಿದ್ದರು. ಕಡತಕ್ಕೆ ಇದು ಸರಿಯೇ. ಆದರೆ ಒಂದು ಮಗು ಒಬ್ಬರ ಮಡಿಲು, ದನಿ, ಬೆವರಿನ ವಾಸನೆಗೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ಹೊಂದಿಕೊಂಡಿತು ಅನ್ನುವಾಗ ಜಾಬ್ ಕಾರ್ಡಿನ ದಿನ ಮುಗಿದಿರುತ್ತಿತ್ತು! ಸಣ್ಣದಾದರೂ ವರ್ಷವಿಡೀ ಒಂದೇ ಗೌರವಧನ ಗೊತ್ತುಮಾಡಿದರೆ ಅರ್ಧ ತೊಡಕು ಕಳೆದೀತು.

ಈಕೆಯ ಪಾಳಿ ಮುಂದಿನ ತಿಂಗಳು ಮುಗಿಯುವುದರಲ್ಲಿತ್ತು. ಆಮೇಲೆ ಸಿಕ್ಕ ಹೊಲದಲ್ಲಿ ಕಳೆ ಕೀಳುವ ಕೆಲಸ. "ಉಣಸೋ ಹೊತ್ತಿಗಿ ಅಷ್ಟ ಬಂದು ಹೋಗ್ತೀನಿ, ಕೂಲಿ ಬ್ಯಾಡ ಅಂತ ಪಿಡಿಒ ಸಾಹೇಬ್ರಿಗೆ ಹೇಳೀನ್ರಿ" ಎಂದರು. ಕೂಲಿ ಬೇಡ ಅನ್ನುವಷ್ಟು ಅನುಕೂಲ ಅವರ ಮನೆಯಲ್ಲೇನೂ ಇಲ್ಲ.