ಕಾಲೇಜಿನ ಪಿನ್ ಕೋಡ್‌ನೊಳಗೊಂದು ಜೆರ್ಸಿ ನಂಬರ್!

ಗಂಟೆಗೆ 18 ಮೈಲಿ. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಡಿ ಓಡಿಸುವವರಿಗೆ ಹಾಕಿರುವ ಮಿತಿ ಇದು. ರಸ್ತೆ ಬದಿಯ ಫಲಕ ನೋಡಿ: 15 ಅಲ್ಲ, 20 ಅಲ್ಲ, 18!

ಯಾಕಿರಬಹುದು? ಊಹಿಸಿ ನೋಡೋಣ. ತಿರುವು ಜಾಸ್ತಿ ಅಂತಲೇ? ಅಲ್ಲ. ರಸ್ತೆ ಕಿರಿದು ಅಂತಲೇ? ಅದೂ ಅಲ್ಲ. ಯಾರೋ ಎಂಜಿನಿಯರ್ ಹಾಕಿದ ಲೆಕ್ಕವೇ? ಖಂಡಿತ ಅಲ್ಲ!

ಅದು ಒಬ್ಬ ಆಟಗಾರರ ಜೆರ್ಸಿ ನಂಬರ್! ಆರ್ಚಿ ಮ್ಯಾನಿಂಗ್. 1968ರಿಂದ 1970ರವರೆಗೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ಮುನ್ನಡೆಸುವ ಆಟಗಾರ, ಆಗಿದ್ದವರು. ಅವರ 18 ಈ ತಂಡದ ಇನ್ಯಾವ ಆಟಗಾರನ ಬೆನ್ನ ಮೇಲೂ ಕಾಣಿಸದು. ಬದಲಿಗೆ ಇಡೀ ಕಾಲೇಜೇ ಆ ವೇಗದಲ್ಲಿ ಓಡಾಡುತ್ತದೆ! ಮಗ ಈಲೈ ಮ್ಯಾನಿಂಗ್ ಕೂಡ ಇಲ್ಲೇ ಆಡಿದರು, ನಂಬರ್ 10. 2021ರಲ್ಲಿ ಅದಕ್ಕೂ ನಿವೃತ್ತಿ ಸಿಕ್ಕಿತು. ಆಮೇಲೇನಾಯಿತು ಗೊತ್ತೇ? ಆವರಣದೊಳಗೆ 10 ಮೈಲಿಯ ಫಲಕವೂ ಎದ್ದು ನಿಂತಿತು!

ನಂಬರಿಗೆ ನಿವೃತ್ತಿ ಎಂದರೇನೆಂದು ನಮಗೂ ಗೊತ್ತು. ಸಚಿನ್ ಅವರ 10, ಧೋನಿಯ 7 ಭಾರತ ತಂಡದಲ್ಲಿ ಇನ್ಯಾರಿಗೂ ಇಲ್ಲ. ಆದರೆ ಕ್ರಿಕೆಟ್‌ನಲ್ಲಿ ಕಣಕ್ಕಿಳಿಯುವವರು ಹನ್ನೊಂದು ಜನ. ಅಮೆರಿಕನ್ ಕಾಲೇಜು ಫುಟ್‌ಬಾಲ್ ತಂಡದಲ್ಲಿ? ಎಷ್ಟೋ ಕಡೆ ನೂರಕ್ಕೂ ಹೆಚ್ಚು ಹುಡುಗರು! ಇರುವ ನಂಬರ್‌ಗಳು? 0ಯಿಂದ 99, ಅಷ್ಟೇ. ಆ ಸೊನ್ನೆಗೂ ಅನುಮತಿ ಸಿಕ್ಕಿದ್ದು 2020ರಲ್ಲಿ! ಒಂದೇ ನಂಬರನ್ನು ಇಬ್ಬರಿಗೆ ಕೊಟ್ಟು, ಇಬ್ಬರೂ ಒಟ್ಟಿಗೆ ಮೈದಾನಕ್ಕಿಳಿಯದಂತೆ ನೋಡಿಕೊಳ್ಳುವಷ್ಟು ಬರಗಾಲ. ಅಂಥದ್ದರಲ್ಲಿ ಒಂದು ನಂಬರನ್ನು ಶಾಶ್ವತವಾಗಿ ಎತ್ತಿಡುವುದು ಸಣ್ಣ ಮಾತೇ?

ಹಾಗಾದರೆ ಯಾರಿಗೆ ಕೊಡಬೇಕು ಈ ಗೌರವ?

ಹೈಸ್ಮನ್ ಟ್ರೋಫಿ ಗೆದ್ದವರಿಗೆ ಅಂದಿರಾ? ಕಾಲೇಜು ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ವೈಯಕ್ತಿಕ ಪ್ರಶಸ್ತಿ ಇಲ್ಲ, ನಿಜ. ಸರಿ, ನೋಟ್ರ್ ಡೇಮ್ ತಂಡ ಏಳು ಹೈಸ್ಮನ್ ವಿಜೇತರನ್ನು ಕಂಡಿದೆ. ಅದು ಎಷ್ಟು ನಂಬರ್‌ಗಳಿಗೆ ನಿವೃತ್ತಿ ಕೊಟ್ಟಿದೆ ಹೇಳಿ? ಏಳು? ಮೂರು?

ಒಂದೂ ಇಲ್ಲ!

ಈಗ ಜಾರ್ಜಿಯಾಕ್ಕೆ ಬನ್ನಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 21, 34, 40, 62 ಈ ನಾಲ್ಕು ನಂಬರ್‌ಗಳಿಗೆ ನಿವೃತ್ತಿ. 21ರ ಫ್ರಾಂಕ್ ಸಿಂಕ್‌ವಿಚ್ 1942ರಲ್ಲಿ ಹೈಸ್ಮನ್ ಗೆದ್ದವರು. 34ರ ಹರ್ಷೆಲ್ ವಾಕರ್ 1982ರಲ್ಲಿ. 62 ದಿಗ್ಗಜ ಚಾರ್ಲಿ ಟ್ರಿಪ್ಪಿ ಅವರದು. ಮತ್ತೆ 40? ಅದು ಥೆರಾನ್ ಸ್ಯಾಪ್ ಎಂಬವರದು. ಅವರು ಅಂಥದ್ದೇನು ಮಾಡಿದರು?

ಒಂದು ಟಚ್‌ಡೌನ್! ಚೆಂಡು ಹಿಡಿದು ಎದುರಾಳಿಯ ಗೆರೆ ದಾಟಿದ್ದು, ಅಷ್ಟೇ! ಅದೂ ಎಷ್ಟು ದೂರದಿಂದ? ಒಂದು ಯಾರ್ಡ್‌ನಿಂದ! ಮೂರಡಿ!

ತಾಳಿ, ನಗಬೇಡಿ. ಬದ್ಧವೈರಿ ಜಾರ್ಜಿಯಾ ಟೆಕ್ ಎದುರು ಈ ತಂಡ ಸತತ ಎಂಟು ವರ್ಷ ಸೋತಿತ್ತು. ಎಂಟು ವರ್ಷ! ಇಡೀ ಊರು ತಲೆ ತಗ್ಗಿಸಿ ನಡೆಯುತ್ತಿದ್ದ ಕಾಲ. 1957ರ ನವೆಂಬರ್ 30ರಂದು ಎದುರಾಳಿಯ ಕೈಜಾರಿದ ಚೆಂಡನ್ನು ಹಿಡಿದುಕೊಂಡವರು ಇದೇ ಸ್ಯಾಪ್. ಆಮೇಲೆ ಗೋಡೆಯಂತೆ ನಿಂತ ಆ ದೈತ್ಯರ ನಡುವೆ ನುಗ್ಗಿ ಕೊನೆಯ ಯಾರ್ಡ್ ದಾಟಿದವರೂ ಅವರೇ! 7–0. ಬರಗಾಲ ಮುಗಿಯಿತು! ಜನ ಅವರನ್ನು ಇಂದಿಗೂ ನೆನೆಯುವುದು ಬರ ನೀಗಿಸಿದವನೆಂದೇ. ಆ ಮೂರಡಿಗೆ ಒಂದು ನಂಬರ್ ಕೊಟ್ಟಿದ್ದು ನೂರಕ್ಕೆ ನೂರು ಸರಿ ಎನ್ನುತ್ತೇನೆ ನಾನು. ಟ್ರೋಫಿ ಎಣಿಸುವುದು ಸುಲಭ. ನಂಬರ್ ಹೇಳಿದೊಡನೆ ಊರಿನ ಬಾಯಲ್ಲಿ ಒಂದೇ ಹೆಸರು ಬರುತ್ತದೆಯೇ? ಕೇಳಬೇಕಾದ ಪ್ರಶ್ನೆ ಇದೇ!

ಅಯೋವಾ ವಿಶ್ವವಿದ್ಯಾಲಯದಲ್ಲಿ ಅಂಥ ಎರಡು ನಂಬರ್‌ಗಳಿವೆ. ಇವುಗಳ ಕಥೆ ಓದಿ ನನಗೆ ಮೈ ಜುಮ್ಮೆಂದಿತು.

ಮೊದಲನೆಯದು 24, ನೈಲ್ ಕಿನ್ನಿಕ್ ಅವರದು. 1939ರ ಹೈಸ್ಮನ್ ವಿಜೇತ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್ ಆದರು. 1943ರ ಜೂನ್ 2ರಂದು ತರಬೇತಿ ಹಾರಾಟದಲ್ಲಿ ಅವರ ವಿಮಾನ ಸಮುದ್ರಕ್ಕಿಳಿಯಿತು. ದೇಹ ಸಿಗಲೇ ಇಲ್ಲ. ಆಗ ಅವರ ವಯಸ್ಸು? 24!

ಎರಡನೆಯದು 62, ಕ್ಯಾಲ್ ಜೋನ್ಸ್ ಅವರದು. 1956ರ ಡಿಸೆಂಬರ್ 9ರಂದು ಕೆನಡಾದ ಪರ್ವತವೊಂದಕ್ಕೆ ಅಪ್ಪಳಿಸಿದ ವಿಮಾನದಲ್ಲಿ ಇವರಿದ್ದರು. ಅದರಲ್ಲಿದ್ದ ಎಲ್ಲರೂ ಸತ್ತರು. ಎಷ್ಟು ಜನ? ಹೇಳಲೂ ಸಂಕಟವಾಗುತ್ತದೆ. 62!

ಇನ್ನೊಂದು ನಂಬರ್ ಕೇಳಿ, 38. ಮತ್ತೆ ಮಿಸಿಸಿಪ್ಪಿಯದೇ. 1989ರ ಅಕ್ಟೋಬರ್ 28ರ ಪಂದ್ಯದಲ್ಲಿ ಎದುರಾಳಿಯನ್ನು ತಡೆಯಲು ಹೋದ ಚಕ್ಕಿ ಮಲ್ಲಿನ್ಸ್ ಕುತ್ತಿಗೆ ಮುರಿದುಕೊಂಡು, ಕೈಕಾಲುಗಳ ಸ್ವಾಧೀನ ಕಳೆದುಕೊಂಡರು. 1991ರಲ್ಲಿ ತೀರಿಕೊಂಡರು. ಕಾಲೇಜು 38ನ್ನು ಎತ್ತಿಟ್ಟಿತೇ? ಇಲ್ಲ! ಅವರ ಹೆಸರಲ್ಲಿ ಧೈರ್ಯದ ಪ್ರಶಸ್ತಿ ಸ್ಥಾಪಿಸಿ, ಪ್ರತಿ ವರ್ಷ ರಕ್ಷಣಾ ವಿಭಾಗದ ಒಬ್ಬ ಹುಡುಗನಿಗೆ ಆ ಜೆರ್ಸಿಯನ್ನೇ ತೊಡಿಸಿತು. 2006ರಲ್ಲಿ ನಿವೃತ್ತಿಯನ್ನೂ ಘೋಷಿಸಿ ನೋಡಿತು. ಕೆಲವೇ ವರ್ಷಗಳಲ್ಲಿ ಮನಸ್ಸು ಬದಲಾಯಿಸಿ 38ನ್ನು ಮತ್ತೆ ಮೈದಾನಕ್ಕೆ ತಂದಿತು. ಎಂಥ ನಿರ್ಧಾರ! ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುವುದಕ್ಕಿಂತ ಇದೇ ಲೇಸು.

ಈಗ ಪಿನ್ ಕೋಡ್‌ಗೆ ಬರೋಣ!

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯ. ಅದರ ಪಿನ್ ಕೋಡ್ 13244. ಕೊನೆಯ ಎರಡು ಅಂಕಿ ನೋಡಿದಿರಾ? ಅಲ್ಲಿನ ಫೋನ್ ನಂಬರ್‌ಗಳ ಆರಂಭ 443. ಅಲ್ಲೂ 44!

ಒಬ್ಬರಲ್ಲ, ಚೆಂಡು ಹಿಡಿದು ನುಗ್ಗಿ ಓಡುವ ಮೂವರು ಮಹಾನ್ ಆಟಗಾರರು ತೊಟ್ಟ ನಂಬರ್ ಅದು. ಮೊದಲು ಜಿಮ್ ಬ್ರೌನ್. 1956ರಲ್ಲಿ ಕೋಲ್ಗೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಅವರೊಬ್ಬರೇ ಗಳಿಸಿದ ಅಂಕ 43! ಆಮೇಲೆ ಎರ್ನಿ ಡೇವಿಸ್. ಅವರ ಬಳಿಕ ಫ್ಲಾಯ್ಡ್ ಲಿಟಲ್. ಮೂವರೂ ತೊಟ್ಟು ಹೋದ ಮೇಲೂ ದಶಕಗಳ ಕಾಲ ಆ ಜೆರ್ಸಿ ಹೊಸ ಹುಡುಗರ ಕೈಗೆ ಬರುತ್ತಲೇ ಇತ್ತು. ನಿವೃತ್ತಿ ಸಿಕ್ಕಿದ್ದು 2005ರ ನವೆಂಬರ್‌ನಲ್ಲಿ!

ಈ ಮೂವರಲ್ಲಿ ಡೇವಿಸ್ ಅವರ ಕಥೆಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಹೈಸ್ಮನ್ ಗೆದ್ದ ಮೊದಲ ಕಪ್ಪು ಆಟಗಾರ ಅವರು, 1961ರಲ್ಲಿ. ಅಧ್ಯಕ್ಷ ಕೆನಡಿ ಅವರನ್ನು ಭೇಟಿಯಾಗಿ ಕೈಕುಲುಕಿದರು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊಟ್ಟಮೊದಲ ಹೆಸರು ಅವರದೇ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದರು. ಅಲ್ಲಿ ಸಿಕ್ಕ ನಂಬರ್ 45. ಅಷ್ಟರಲ್ಲಿ ರಕ್ತದ ಕ್ಯಾನ್ಸರ್. 1963ರ ಮೇ 18ರಂದು ತೀರಿಕೊಂಡಾಗ ಅವರಿಗೆ ಬರೀ 23.

ಬ್ರೌನ್ಸ್ ತಂಡ ಆ 45ಕ್ಕೂ ನಿವೃತ್ತಿ ಕೊಟ್ಟಿತು. ಅದನ್ನು ತೊಟ್ಟು ಡೇವಿಸ್ ಆ ತಂಡದ ಪರ ಎಷ್ಟು ಪಂದ್ಯ ಆಡಿದ್ದರು ಹೇಳಿ ನೋಡೋಣ?

ಒಂದೂ ಇಲ್ಲ!