ಗೆರೆಯಾಚೆ ಕುಳಿತ ಗೋಡೆ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ತಂಡದ ಮ್ಯಾನೇಜರ್ ಕೂಡ ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಕೂರುತ್ತಾರೆ. ಯಾರು ಚೆಂಡೆಸೆಯಬೇಕು, ಯಾರನ್ನು ಬದಲಿಸಬೇಕು, ಎಲ್ಲ ಅವರದೇ ತೀರ್ಮಾನ. ನಮ್ಮ ಕ್ರಿಕೆಟ್ ಕೋಚ್‌ಗೆ ಅಷ್ಟು ಅಧಿಕಾರವಿಲ್ಲ. ಗೆರೆಯೊಳಗೆ ನಾಯಕನದೇ ಮಾತು.

“ಅಜ್ಜಾ, ಹಾಗಾದ್ರೆ ಕೋಚ್ ಎಂತ ಮಾಡ್ತಾರೆ?” ಎಂದ ನನ್ನ ಮೊಮ್ಮಗ. ಅವನಿಗೆ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರ ವಿಷಯ ಹೇಳಿದೆ.

ಮಕ್ಕಳೇ, ದ್ರಾವಿಡ್ ಭಾರತಕ್ಕೆ ಆಡಿದ್ದನ್ನು ನೀವು ನೋಡಿರಲಾರಿರಿ. 2012ರಲ್ಲೇ ನಿವೃತ್ತರಾದರು. ಟೆಸ್ಟಿನಲ್ಲಿ 13,288 ರನ್! ಕ್ರೀಸಿಗೆ ಬಂದರೆ ನಮ್ಮ ಶೃಂಗೇರಿ ಕಡೆಯ ಆಷಾಢದ ಮಳೆಯಂತೆ, ಬಿಡುವ ಮಾತೇ ಇಲ್ಲ. ಹಾಗಾಗಿ ‘ಗೋಡೆ’ ಎಂಬ ಹೆಸರು ಬಿತ್ತು. ಟಿ.ವಿ. ಮುಂದೆ ಕೂತು ಅಡಿಕೆ ಸುಲಿದ ಅಜ್ಜ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ.

2015ರಲ್ಲಿ ಅವರು ‘ಎ’ ತಂಡ ಮತ್ತು 19 ವರ್ಷದೊಳಗಿನವರ ತಂಡಕ್ಕೆ ಕೋಚ್ ಆದರು. ಹುಡುಗನಾಗಿದ್ದಾಗ ಪ್ರವಾಸಕ್ಕೆ ಹೋಗಿ ಒಂದೂ ಪಂದ್ಯ ಆಡದೆ ಮರಳಿದ ಬೇಸರ ಅವರಿಗೂ ಗೊತ್ತಿತ್ತು. ಅದಕ್ಕೇ, ನನ್ನ ಜೊತೆ ‘ಎ’ ಪ್ರವಾಸಕ್ಕೆ ಬಂದವರು ಆಡದೆ ಮರಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದರು.

ಇಲ್ಲಿ ಮೊಮ್ಮಗನ ಕಿವಿ ನೆಟ್ಟಗಾಯಿತು. ಹೋದ ವರ್ಷ ಕೊಪ್ಪದ ಪಂದ್ಯಕ್ಕೆ ಹೋಗಿ, ಎರಡು ದಿನ ನೀರಿನ ಬಾಟಲಿ ಹೊತ್ತು ಬಂದವನು ಅವನು. ಆ ರಾತ್ರಿ ಕಡುಬನ್ನೂ ಮುಟ್ಟಿರಲಿಲ್ಲ.

2018ರಲ್ಲಿ ಆ ಕಿರಿಯರು ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ದ್ರಾವಿಡರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಘೋಷಿಸಿತು. ನನಗೇಕೆ ಹೆಚ್ಚು ಎಂದು ದ್ರಾವಿಡ್ ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ ಸಮಾನವಾಗಿ 25 ಲಕ್ಷ. ಅಂದರೆ ಅವರ ಪಾಲು ಅರ್ಧವಾಯಿತು! ಹಿಂದಿನ ವರ್ಷ ತೀರಿಕೊಂಡಿದ್ದ ದೈಹಿಕ ತರಬೇತುದಾರ ರಾಜೇಶ್ ಸಾವಂತ್ ಅವರ ಕುಟುಂಬವೂ ಆ ಪಟ್ಟಿಗೆ ಸೇರಿತು. ಅವರ ಎಲ್ಲ ಶತಕಗಳಿಗಿಂತ ನನಗೆ ಇದೇ ದೊಡ್ಡದು. ಮೊಮ್ಮಗ ಒಪ್ಪುವುದಿಲ್ಲ, ಅದು ಬೇರೆ ಮಾತು.

2021ರಲ್ಲಿ ಹಿರಿಯರ ತಂಡದ ಹೊಣೆ ಬಂತು. 2023ರ ವಿಶ್ವಕಪ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು, ಅಹಮದಾಬಾದಿನ ಫೈನಲ್‌ನಲ್ಲಿ ಸೋಲು. ಅವಧಿಯೂ ಮುಗಿದಿತ್ತು. ಇನ್ನು ಸಾಕು ಎಂದುಕೊಂಡವರನ್ನು ನಾಯಕ ರೋಹಿತ್ ಶರ್ಮ ಫೋನ್ ಮಾಡಿ ಉಳಿಸಿಕೊಂಡರು.

ಮುಂದಿನ ಟಿ20 ವಿಶ್ವಕಪ್ ಫೈನಲ್ ನಡೆದದ್ದು ವೆಸ್ಟ್ ಇಂಡೀಸ್‌ನಲ್ಲಿ. 2007ರಲ್ಲಿ ಅಲ್ಲೇ ನಡೆದ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕರಾಗಿದ್ದ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿತ್ತು. ಆಟಗಾರನಾಗಿ ಅವರಿಗೆ ವಿಶ್ವಕಪ್ ಸಿಗಲೇ ಇಲ್ಲ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿತು. ವಿರಾಟ್ ಕೊಹ್ಲಿ ಕಪ್ಪನ್ನು ತಂದು ದ್ರಾವಿಡರ ಕೈಗಿತ್ತರು. ಅಷ್ಟು ಮೆಲುದನಿಯ ಮನುಷ್ಯ ಅದನ್ನೆತ್ತಿ ಹಿಡಿದು, ಕತ್ತಿನ ನರ ಉಬ್ಬುವಂತೆ ಕೂಗಿದರು ನೋಡಿ!