ಎಂಜಿನು ತಿರುಗುತ್ತದೆ, ಹೊತ್ತಿಕೊಳ್ಳದು!

1994ರ ಸೆಪ್ಟೆಂಬರಿನ ಒಂದು ಬೆಳಗ್ಗೆ. ಆಗುಂಬೆಯಲ್ಲಿ ಇರುಳೆಲ್ಲ ಸುರಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ನಮ್ಮ ಅಣ್ಣನ ಮಗಳಿಗೆ ಅಂದು ಹತ್ತು ಗಂಟೆಗೆ ತೀರ್ಥಹಳ್ಳಿಯಲ್ಲಿ ಪರೀಕ್ಷೆ. ಅಂಗಳದಲ್ಲಿ ನೆನೆದು ನಿಂತಿದ್ದ ನಮ್ಮ ಹಳೆಯ ಮೋಟಾರು ಕಾರಿನ ಕೀಲಿಯನ್ನು ತಿರುವಿದೆವು. ಸ್ಟಾರ್ಟರು ಎಂಜಿನನ್ನು ಹುರುಪಿನಿಂದಲೇ ತಿರುಗಿಸಿತು. ಎಂಜಿನು ಮಾತ್ರ ಹೊತ್ತಿಕೊಳ್ಳಲಿಲ್ಲ. ಗಂಟೆ ಎಂಟಾಗಿತ್ತು, ಬಸ್ಸು ಹೊರಟುಹೋಗಿತ್ತು.

ಇಂಥ ಸಮಯದಲ್ಲಿ ಬಿಡದೆ ಕೀಲಿ ತಿರುವುತ್ತಿರುವುದು ಮನುಷ್ಯಸ್ವಭಾವ. ನಾವೂ ಮೊದಲು ಅದನ್ನೇ ಮಾಡಿದೆವೆಂದು ಒಪ್ಪಿಕೊಳ್ಳಬೇಕು. ಆದರೆ ಸ್ಟಾರ್ಟರು ಬ್ಯಾಟರಿಯಿಂದ ಸೆಳೆಯುವ ಪ್ರವಾಹ ನೂರು ಆಂಪಿಯರುಗಳನ್ನು ಸುಲಭವಾಗಿ ಮೀರುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಅದನ್ನು ಓಡಿಸಬಾರದು. ಬ್ಯಾಟರಿಯೂ ಸೊರಗಿತೆಂದರೆ ಒಂದಿದ್ದ ರೋಗ ಎರಡಾಗುತ್ತದೆ.

ಎಂಜಿನು ತಿರುಗುತ್ತಿದೆ ಎಂಬುದೇ ಒಂದು ಸಾಕ್ಷ್ಯ. ಸ್ಟಾರ್ಟರಿನಲ್ಲಿ ದೋಷವಿಲ್ಲ, ಬ್ಯಾಟರಿಯಲ್ಲಿ ಸಾಕಷ್ಟು ಕಸುವಿದೆ. ಅಷ್ಟೇ ಅಲ್ಲ, ಆ ಸದ್ದಿಗೆ ಕಿವಿಗೊಡಬೇಕು. ಪಿಸ್ಟನ್ನು ಸಿಲಿಂಡರಿನೊಳಗಿನ ಅನಿಲವನ್ನು ಒತ್ತುವಾಗಲೆಲ್ಲ ಸ್ಟಾರ್ಟರು ತುಸು ತಿಣುಕುತ್ತದೆ. ಆದುದರಿಂದ ಸದ್ದಿಗೆ ಒಂದು ಲಯವಿರುತ್ತದೆ. ಲಯವಿಲ್ಲದೆ, ತಡೆಯಿಲ್ಲದೆ, ಸರ್ರನೆ ತಿರುಗಿದರೆ ಒತ್ತಡವೇ ಉಂಟಾಗುತ್ತಿಲ್ಲವೆಂದು ಅರ್ಥ. ಕವಾಟಗಳನ್ನು ಆಡಿಸುವ ಪಟ್ಟಿ ಹರಿದಾಗ ಹೀಗಾಗುವುದುಂಟು. ನಮ್ಮ ಕಾರಿನ ಸದ್ದು ಎಂದಿನಂತೆಯೇ ಇತ್ತು.

ಉಳಿದುವು ಎರಡು: ಪೆಟ್ರೋಲು ಮತ್ತು ಕಿಡಿ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನು ತಣ್ಣಗಿರುವಾಗ ಪೆಟ್ರೋಲು ಚೆನ್ನಾಗಿ ಆವಿಯಾಗದಾದ್ದರಿಂದ ಅದರ ಪಾಲನ್ನು ಹೆಚ್ಚಿಸಬೇಕು. ಹಳೆಯ ಕಾರುಗಳಲ್ಲಿ ಚೋಕನ್ನು ಎಳೆಯುತ್ತಿದ್ದುದು ಇದಕ್ಕಾಗಿಯೇ. ನಾವು ಒಂದು ಪ್ಲಗ್ಗನ್ನು ಬಿಚ್ಚಿ ನೋಡಿದೆವು. ತುದಿ ಒದ್ದೆಯಾಗಿತ್ತು, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಸಿಲಿಂಡರಿಗೆ ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ.

ಈಗ ಕಿಡಿಯ ವಿಚಾರ. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿರುವ, ಒಂದು ಮಿಲಿಮೀಟರಿಗೂ ಕಡಿಮೆಯಾದ ಸಂದನ್ನು ದಾಟಲು ಹತ್ತು ಇಪ್ಪತ್ತು ಸಾವಿರ ವೋಲ್ಟು ಬೇಕಾಗಬಹುದು. ಇದನ್ನು ಒದಗಿಸುವುದು ಕಾಯಿಲು. ಅದರ ದಪ್ಪ ತಂತಿಯ ಸುರುಳಿಯಲ್ಲಿ ಪ್ರವಾಹ ಹರಿದಾಗ ಕಾಂತಕ್ಷೇತ್ರ ಬೆಳೆಯುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಪಾಯಿಂಟುಗಳು ತೆರೆದುಕೊಂಡು ಪ್ರವಾಹವನ್ನು ತಟ್ಟನೆ ಕಡಿದೊಡನೆ ಆ ಕ್ಷೇತ್ರ ಕುಸಿಯುತ್ತದೆ. ಸಾವಿರಾರು ಸುತ್ತುಗಳುಳ್ಳ ಸಣ್ಣ ತಂತಿಯ ಸುರುಳಿಯಲ್ಲಿ ಮಹಾವೋಲ್ಟೇಜು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಪ್ರೇರಣೆಯೇ ಇದು! ಇದನ್ನು ಕಾರಿಗೆ ಒಗ್ಗಿಸಿ ಬಳಕೆಗೆ ತಂದವರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮುಖ್ಯರು. ಅವರ ಕಿಡಿವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರಿನಲ್ಲಿಯೂ, ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕಿನಲ್ಲಿಯೂ ಬಂದುವು. ಮುಂದೆ ಡಿಸ್ಟ್ರಿಬ್ಯೂಟರಿನ ರೋಟರು ಸುತ್ತುತ್ತ ಈ ವೋಲ್ಟೇಜನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುತ್ತದೆ.

ಬಿಚ್ಚಿದ ಪ್ಲಗ್ಗನ್ನು ಒರೆಸಿ, ಅದರ ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಆವಿ ಇಲ್ಲದ ಕಡೆ ಎಂಜಿನಿನ ಲೋಹಕ್ಕೆ ತಾಗಿಸಿಟ್ಟೆವು. ಹುಡುಗಿ ಕೀಲಿ ತಿರುವಿದಳು. ಕಿಡಿ ಇಲ್ಲ. ಇನ್ನೊಂದು ಪ್ಲಗ್ಗಿನಲ್ಲಿಯೂ ಇಲ್ಲ. ಆಮೇಲೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ನಡುವಿನ ತಂತಿಯನ್ನು ಕಿತ್ತು, ರಬ್ಬರು ಹಿಡಿಯ ಇಕ್ಕಳದಿಂದ ಲೋಹಕ್ಕೆ ಅರ್ಧ ಸೆಂಟಿಮೀಟರು ದೂರದಲ್ಲಿ ಹಿಡಿದೆವು. ಚಟಚಟನೆ ನೀಲಿ ಕಿಡಿ ಹಾರಿತು!

ಇಲ್ಲಿಗೆ ಅರ್ಧ ಗೆದ್ದಂತಾಯಿತು. ಕಾಯಿಲು, ಪಾಯಿಂಟುಗಳು ಸರಿಯಾಗಿವೆ. ಪ್ಲಗ್ಗಿನ ತಂತಿಗಳೆಲ್ಲ ಒಮ್ಮೆಗೇ ಕೆಡುವುದು ಅಸಂಭವ. ದೋಷವಿರಬೇಕಾದುದು ಅವುಗಳ ನಡುವೆ, ಎಂದರೆ ರೋಟರಿನಲ್ಲಿ ಅಥವಾ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ. ಮುಚ್ಚಳ ತೆಗೆದರೆ ಒಳಗೆಲ್ಲ ನೀರಿನ ಮಂಜು. ಒಣಬಟ್ಟೆಯಿಂದ ಒರೆಸಿ ಹಾಕಿದೆವು. ಆದರೂ ಎಂಜಿನು ಹೊತ್ತಲಿಲ್ಲ. ಎಂಟೂಮುಕ್ಕಾಲು! ಮತ್ತೆ ಬಿಚ್ಚಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಪೆನ್ಸಿಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ ಕಾಣಿಸಿತು. ತೇವದ ಮೇಲೆ ಹರಿದ ವಿದ್ಯುತ್ತು ಮುಚ್ಚಳದ ಬೇಕಲೈಟನ್ನು ಸುಟ್ಟು ಇದ್ದಿಲಾಗಿಸಿತ್ತು. ಇದ್ದಿಲು ವಿದ್ಯುದ್ವಾಹಕವಾದುದರಿಂದ ನೀರು ಆರಿದರೂ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಆ ಕಳ್ಳದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಚೂರಿಯ ಮೊನೆಯಿಂದ ಗೆರೆಯನ್ನು ಕೆರೆದು ತೆಗೆದೆವು. ಎರಡನೆಯ ಪ್ರಯತ್ನಕ್ಕೆ ಎಂಜಿನು ಗುಡುಗಿತು. ಹುಡುಗಿ ಹತ್ತಕ್ಕೆ ಐದು ನಿಮಿಷವಿರುವಾಗ ಪರೀಕ್ಷೆಯ ಕೊಠಡಿ ಸೇರಿದಳು. ಮುಚ್ಚಳವನ್ನು ಮರುದಿನವೇ ಬದಲಾಯಿಸಿದೆವು.

ಇಂದಿನ ಕಾರುಗಳಲ್ಲಿ ಪಾಯಿಂಟುಗಳೂ ಇಲ್ಲ, ಕಾರ್ಬ್ಯುರೇಟರೂ ಇಲ್ಲ. ಎಂಜಿನಿನ ದಂಡ ಯಾವ ಕೋನದಲ್ಲಿದೆಯೆಂಬುದನ್ನು ಸಂವೇದಕವೊಂದು ಕಂಪ್ಯೂಟರಿಗೆ ತಿಳಿಸುತ್ತದೆ. ಅದು ಕೆಟ್ಟರೆ ಅನೇಕ ಕಾರುಗಳಲ್ಲಿ ಕಿಡಿಯೂ ಪೆಟ್ರೋಲೂ ಒಟ್ಟಿಗೇ ನಿಂತುಹೋಗುತ್ತವೆ. ಕೀಲಿಯೊಳಗಿನ ಸಂಕೇತವನ್ನು ಗುರುತಿಸದೆ ಹೋದರೂ ಕೆಲವು ಕಾರುಗಳ ಎಂಜಿನು ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳದು. ಆಗ ಫಲಕದಲ್ಲಿ ಕೀಲಿಯ ಚಿತ್ರದ ದೀಪ ಮಿನುಗಬಹುದು. ಇವುಗಳಲ್ಲಿ ತಂತಿ ಕಿತ್ತು ಕಿಡಿ ಹಾರಿಸುವ ಪರೀಕ್ಷೆ ಕೂಡದು. ವೋಲ್ಟೇಜು ಇನ್ನೂ ಹೆಚ್ಚಿರುವುದರಿಂದ ಕೈಗೂ ಅಪಾಯ, ಕಂಪ್ಯೂಟರಿಗೂ ಅಪಾಯ. ಅದು ತನ್ನ ನೆನಪಿನಲ್ಲಿಟ್ಟಿರುವ ದೋಷಸಂಕೇತವನ್ನು ಉಪಕರಣದಿಂದ ಓದಿಸಿಕೊಂಡು, ಅಲ್ಲಿಂದ ಹುಡುಕಲು ತೊಡಗಬೇಕು.